ಕರೆಂಟ್ ಇದ್ದ ಹೊತ್ತಿನಲ್ಲಿ ಸಿಕ್ಕ ಬಂದರುಗಳು

ಹುಡುಗಿಯರ ಹಾಸ್ಟೆಲ್, ರೂಮ್ ನಂಬರ್ ೨೧೪
ದೇವನಹಳ್ಳಿ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಯಶು,

ಹೇಗಿದ್ದೀಯ? ಅಪ್ಪನ ಭುಜದ ನೋವು ಈಗ ಹೇಗಿದೆ? ವರಲಕ್ಷ್ಮಮ್ಮ ಆಂಟಿಗೆ ನನ್ನ ನಮಸ್ಕಾರ ಹೇಳು. ನೀನು ಕಳಿಸಿದ ಹಾಳೆಗಳ ಸುರುಳಿ ನನ್ನ ಕೈಸೇರಿ ಒಂಬತ್ತು ದಿನವಾಯಿತು. "ಸಿಕ್ತಾ?" ಎಂದು ನೀನು ಮೂರು ಸಲ ಮೆಸೇಜ್ ಮಾಡಿದೆ. ನಾನು ಒಂದು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾದೆ. ಇಂಟರ್ನಲ್ಸ್ ಇತ್ತು ಎಂದರೆ ನೀನು ನಂಬುತ್ತೀಯ. ಇಂಟರ್ನಲ್ಸ್ ಇದ್ದದ್ದು ನಿಜ, ಆದರೆ ಕಾರಣ ಅದಲ್ಲ.

ಫೋನಿನಲ್ಲಿ ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ನಮ್ಮ ಹಳೆಯ ಸ್ಕೂಲ್ ಹಾಸ್ಟೆಲಿನ ಅಭ್ಯಾಸದಂತೆ ಕಾಗದ ತೆಗೆದುಕೊಂಡೆ. ದಸರಾ ರಜೆಯಲ್ಲಿ ನಾನು ಬರೆಯುತ್ತಿದ್ದ ಕಾಗದ ನೋಡಿ ನೀನು, "ಹೊಡೆದು ಹಾಕಿರೋದೇ ಜಾಸ್ತಿ ಇದೆಯಲ್ಲೇ, ಅದನ್ನೇ ಮೊದಲು ಓದಿದೆ" ಎನ್ನುತ್ತಿದ್ದೆ. ಇದರಲ್ಲೂ ಬೇಕಾದಷ್ಟಿದೆ. ಓದಿಕೋ.

ಇಲ್ಲಿಯ ಸುದ್ದಿ ಹೇಳುವುದಾದರೆ, ಮೆಸ್ಸಿನಲ್ಲಿ ಸೋಮವಾರ ಮುದ್ದೆ. ಬಿಹಾರದ ಹುಡುಗಿಯೊಬ್ಬಳು ಅದನ್ನು ಇನ್ನೂ ಅಗಿಯುತ್ತಲೇ ಇದ್ದಾಳೆ. ನುಂಗಬೇಕೆಂದು ಹೇಳಿದರೆ ನಾವು ತಮಾಷೆ ಮಾಡುತ್ತಿದ್ದೇವೆ ಅಂದುಕೊಳ್ಳುತ್ತಾಳೆ. ಪ್ರೋಗ್ರಾಮಿಂಗ್ ಇಂಟರ್ನಲ್‌ನಲ್ಲಿ ನನಗೆ ಇಪ್ಪತ್ತೈದಕ್ಕೆ ಒಂಬತ್ತು. ಮನೆಯಲ್ಲಿ ಹೇಳಿಲ್ಲ. ಪಕ್ಕದ ಬೆಂಚಿನವಳು ಆರನೇ ಕ್ಲಾಸಿನಿಂದಲೇ ಕೋಡ್ ಬರೆಯುತ್ತಾಳಂತೆ. ಆರನೇ ಕ್ಲಾಸಿನಲ್ಲಿ ನಾನು ಕುಂದಾಣದ ಶಾಲೆಯಲ್ಲಿ ನನ್ನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗನ್ನೇ ಎರಡು ಥರ ಬರೆಯುತ್ತಿದ್ದೆ. ಲ್ಯಾಬಿನಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲೇ ಕೂರುತ್ತೇನೆ ಯಶು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಸ್ವಲ್ಪ ನೆಪವೂ ಹೌದು.

ಈಗ ಆಟದ ಮಾತು. ಫೈನಲ್ ಇಯರ್‌ನ ಹರಿಪ್ರಸಾದ್ ಅಣ್ಣ ಕಾಲೇಜಿನಲ್ಲಿ ಈ ಆನ್‌ಲೈನ್ ಆಟ ಶುರು ಮಾಡಿದಾಗ, ಹೊರಗಿನ ಫ್ರೆಂಡ್ಸನ್ನೂ ಕರೆಯಬಹುದು ಎಂದ ಕೂಡಲೇ ನನಗೆ ನೆನಪಾದವಳು ನೀನು. ನಿನ್ನ ಅಕೌಂಟ್ ಮಾಡಿಕೊಟ್ಟವಳೂ ನಾನೇ. ಪಾಸ್‌ವರ್ಡ್ ಇಟ್ಟವಳೂ ನಾನೇ. ಅದನ್ನು ಬದಲಾಯಿಸೆಂದು ಹೇಳಿದರೆ ನೀನು, "ನಿಂಗೆ ಗೊತ್ತಿದ್ರೆ ಏನೀಗ? ಮರೆತ್ರೆ ನಿನ್ನೇ ಕೇಳ್ತೀನಿ" ಎಂದೆ.

ದೀಪಾವಳಿಗೆ ನಾನು ದೊಡ್ಡಬಳ್ಳಾಪುರಕ್ಕೆ ಬಂದಿದ್ದಾಗ ಆಂಟಿ ನಿನ್ನ ಫೋನಿಗೆ ಬಗ್ಗಿ ನೋಡಿ, "ಏನೇ ಇದು, ಚಿತ್ರ ಇಲ್ಲ ಏನಿಲ್ಲ, ಬರೀ ನಂಬರ್ರು?" ಎಂದು ಕೇಳಿದ್ದರು. ನೀನು ಹೇಳಿದೆ: "ಅಮ್ಮಾ, ಇದು ಆಕಾಶ. ಎರಡು ಸಾವಿರ ಜಾಗ ಇದೆ, ಒಂದೊಂದಕ್ಕೂ ಒಂದು ನಂಬರು. ಕೆಲವದ್ರಲ್ಲಿ ಮಾತ್ರ ಬಂದರು ಇರುತ್ತೆ. ಎಲ್ಲಿದೆ ಅಂತ ಯಾರೂ ಹೇಳಲ್ಲ, ಹಡಗು ಓಡಿಸ್ಕೊಂಡು ಹೋಗಿ ಹುಡುಕ್ಬೇಕು. ಒಂದು ಬಂದರಲ್ಲಿ ಮಾಲು ತಗೊಂಡು ಇನ್ನೊಂದ್ರಲ್ಲಿ ಮಾರ್ಬೇಕು."

"ಲಾಭ ಬರುತ್ತಾ?"

"ಅದ್ರಲ್ಲೇ ಬರುತ್ತೆ, ಅದ್ರಲ್ಲೇ ಹೋಗುತ್ತೆ."

"ಹಂಗಾದ್ರೆ ನಿಮ್ಮಪ್ಪನ ಮಗ್ಗ ಇದ್ದಂಗೆ ಬಿಡು."

ಆವತ್ತು ನಕ್ಕಿದ್ದು ನೆನಪಾದರೆ ಈಗ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ. ನೀನು ಹುಡುಕುವ ರೀತಿಯನ್ನು ಆವತ್ತೇ ನಾನು ಕಣ್ಣಾರೆ ಕಂಡದ್ದು. ಕರೆಂಟ್ ಹೋಯಿತು. ಆರು ಮಗ್ಗವೂ ಒಟ್ಟಿಗೆ ನಿಂತು ಬೀದಿಯೆಲ್ಲ ನಿಶ್ಶಬ್ದವಾಯಿತು. ನೀನು ಕೈ ಒರೆಸಿಕೊಂಡು, ಅಪ್ಪ ಸೀರೆಯಂಚಿನ ಡಿಸೈನ್ ಬರೆಯುವ ಗ್ರಾಫ್ ಹಾಳೆಯನ್ನು ನೆಲದ ಮೇಲೆ ಹಾಸಿದೆ. ಒಂದು ಚೌಕಕ್ಕೆ ಒಂದು ಜಾಗ. ಮಾಲು ಕೊಳ್ಳುವ ಬಂದರಿಗೆ ಕೆಂಪು, ಮಾರುವ ಬಂದರಿಗೆ ಹಸಿರು. ಏನೂ ಇಲ್ಲದ ಜಾಗಕ್ಕೂ ಒಂದು ಚುಕ್ಕೆ, "ನೋಡಿ ಬಂದಿದ್ದೀನಿ ಅಂತ ಗೊತ್ತಾಗ್ಲಿ" ಎಂದು. ಮಗ್ಗಗಳು ಮತ್ತೆ ಗಡಗಡ ಎಂದದ್ದೇ ಫೋನು ಕೆಳಗಿಟ್ಟೆ. ನಾಲ್ಕು ಚೌಕ ತುಂಬಿತ್ತು ಅಷ್ಟೆ.

ಅದಾದ ವಾರಕ್ಕೆ, ಅಕ್ಟೋಬರ್ ಇಪ್ಪತ್ತೆಂಟು, ಮಂಗಳವಾರ, ಮಧ್ಯಾಹ್ನ ಎರಡೂಕಾಲು. ಲ್ಯಾಬಿನಲ್ಲಿ ಕೂತು ಒಂದು ಸ್ಕ್ರಿಪ್ಟ್ ಓಡಿಸಿದೆ. ಮುಂದಿನ ಜಾಗಕ್ಕೆ ಹೋಗು, ಬಂದರಿದೆಯಾ ನೋಡು, ಇದ್ದರೆ ಬರೆದುಕೋ, ಮುಂದಕ್ಕೆ ನಡೆ. ಇಷ್ಟನ್ನೇ ಅದು ನನ್ನ ಬದಲು ತಾನೇ ಒತ್ತುತ್ತ ಹೋಗುತ್ತದೆ. ಅರ್ಧ ಅಲ್ಲಿ ಇಲ್ಲಿ ನೋಡಿ ಬರೆದದ್ದು, ಅರ್ಧ ನನ್ನದೇ. ತಪ್ಪಿಲ್ಲದೆ ಓಡಿದ ನನ್ನ ಮೊದಲ ಪ್ರೋಗ್ರಾಂ ಅದು ಯಶು. ಹನ್ನೆರಡು ನಿಮಿಷದಲ್ಲಿ ನೂರ ಅರವತ್ತಮೂರು ಬಂದರು. ಪರದೆಯ ಮೇಲೆ ನಂಬರುಗಳು ಸುರಿಯುತ್ತಿದ್ದರೆ ನನಗೆ ಕಣ್ಣಲ್ಲಿ ನೀರು ಬಂತು. ಒಂಬತ್ತು ಅಂಕದವಳ ಕೈಯಲ್ಲೂ ಏನೋ ಆಯಿತಲ್ಲ ಎಂದು.

ಆದರೆ ನಾನು ಅದನ್ನು ಓಡಿಸಿದ್ದು ನನ್ನ ಅಕೌಂಟಿನಲ್ಲಲ್ಲ, ನಿನ್ನದರಲ್ಲಿ. ಸ್ಕ್ರಿಪ್ಟ್ ಹಾಕಬಾರದೆಂಬ ರೂಲ್ ನನಗೆ ಗೊತ್ತಿತ್ತು. ಸಿಕ್ಕಿಬಿದ್ದರೆ ಕಾಲೇಜಿನಲ್ಲಿ ಎಲ್ಲರ ಮುಂದೆ ನನ್ನ ಮಾನ ಹೋಗುತ್ತದೆ, ನೀನಾದರೆ ಊರಲ್ಲಿರುತ್ತೀಯ, ನಿನ್ನನ್ನು ಯಾರು ನೋಡುತ್ತಾರೆ ಅಂದುಕೊಂಡೆ. ಹೌದು, ಹೀಗೇ ಅಂದುಕೊಂಡೆ. ಈ ಸಾಲನ್ನು ಹೊಡೆದು ಹಾಕಿಲ್ಲ, ನೋಡು.

ಎರಡು ದಿನ ಬಿಟ್ಟು ನಿನ್ನ ಮೆಸೇಜ್ ಬಂತು: "ಲೇ ಕೀರ್ತು, ೬೧೨ರಲ್ಲಿ ಬಂದರು ಸಿಕ್ತು ಕಣೇ! ಹಸಿರು!" ನನ್ನ ಪಟ್ಟಿಯಲ್ಲಿ ೬೧೨ ಆಗಲೇ ಇತ್ತು. ನಾನು ಬರೆದೆ: "ವಾವ್, ಸೂಪರ್ ಕಣೇ!"

ಮಾರನೆಯ ದಿನ ಹರಿ ಅಣ್ಣ ಕಂಡುಹಿಡಿದ. ಮಂಗಳವಾರ ಎರಡೂಕಾಲಿನಿಂದ ಒಂದೇ ಸಮನೆ, ಒಂದೇ ಅಂತರದಲ್ಲಿ ಸಾವಿರಾರು ಸಲ ಒತ್ತಲಾಗಿದೆ, ಮನುಷ್ಯರ ಬೆರಳು ಹಾಗೆ ಒತ್ತುವುದಿಲ್ಲ ಎಂದು ಆಟದ ಗ್ರೂಪಿನಲ್ಲಿ ಹಾಕಿ ನಿನ್ನನ್ನು ಆಟದಿಂದ ತೆಗೆದ. ನೀನು ಕನ್ನಡದಲ್ಲಿ ಬರೆದೆ: "ಅಣ್ಣ, ಮಂಗಳವಾರ ಎರಡೂಕಾಲಿಗೆ ನಮ್ಮನೇಲಿ ಕರೆಂಟ್ ಇತ್ತು. ಕರೆಂಟ್ ಇದ್ರೆ ನಾನು ಆಡಲ್ಲ."

ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನಿಮ್ಮ ಬೀದಿಯವರಾಗಿದ್ದರೆ ಯಾರಾದರೂ ಒಪ್ಪುತ್ತಿದ್ದರು. ಇಲ್ಲಿಯವರಿಗೆ ಅದು ಜೋಕಾಯಿತು. "ಕರೆಂಟ್ ಇದ್ರೆ ಆಡಲ್ವಂತೆ ಗುರು! ಯಾವ ಗ್ರಹದೋಳು ಇವ್ಳು?" ಎಂದು ಒಬ್ಬ. ಸಾಲಾಗಿ ನಗುವ ಮುಖಗಳು. ಆ ಸಾಲಿನಲ್ಲಿ ಏಳನೆಯದು ನನ್ನದು. ನೀನು ನೋಡಿರುತ್ತೀಯ. ಕೇಳಲೇ ಇಲ್ಲ.

ಕೇಳುವುದು ಬಿಟ್ಟು ಸುರುಳಿ ಕಳಿಸಿದೆ. ನಿಮ್ಮಪ್ಪ ಇಲ್ಲಿಯ ಅಂಗಡಿಗೆ ಸೀರೆ ಕೊಡಲು ಬಂದವರು ಹಾಸ್ಟೆಲ್ ಗೇಟಿನವರೆಗೂ ನಡೆದು ಬಂದಿದ್ದರು. ನೋವಿನ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದರಲ್ಲಿ ಸೀರೆಯ ಪ್ಲಾಸ್ಟಿಕ್ ಕವರು ಸುತ್ತಿದ ಸುರುಳಿ. "ಏನಮ್ಮಾ ಕೀರ್ತನ, ಇದ್ಯಾವ್ದೋ ಆಕಾಶದ ಡಿಸೈನಂತೆ. ಮಡಚ್ಬೇಡ ಅಂದ್ಳು. ಅವ್ಳು ಆಡಂಗಿಲ್ವಂತಲ್ಲ, ನೀನಾದ್ರೂ ಆಡ್ಬೇಕು ಅಂದ್ಳು. ನನ್ನ ಕಣ್ಣಿಗೇನೋ ಇದು ಸೀರೆಗೆ ಬರಂಗಿಲ್ಲ" ಎಂದು ನಕ್ಕರು. ನಾನು ಅವರಿಗೆ ನೀರೂ ಕೊಡಲಿಲ್ಲ ಯಶು. ಸುರುಳಿ ಕಿತ್ತುಕೊಂಡವಳ ಹಾಗೆ ತೆಗೆದುಕೊಂಡು ಒಳಗೆ ಓಡಿದೆ.

ಎಂಟು ದಿನ ಅದು ಮಂಚದ ಕೆಳಗಿತ್ತು. ನಿನ್ನೆ ಬಿಚ್ಚಿದೆ. ನನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಚೌಕ ನೋಡಿದೆ. ೧೪೦೭ ಹಸಿರು. ನನ್ನ ಪಟ್ಟಿಯಲ್ಲಿ ೧೪೦೭ ಇಲ್ಲ! ಯಾಕೆಂದು ಹುಡುಕಿದರೆ, ನಾನೇ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬರೆದಿದ್ದೆ: ವಾಪಸ್ ಬರುವ ದಾರಿ ಕಾಣದ ಜಾಗಕ್ಕೆ ಹೋಗಬೇಡ. ನೀನು ಹೋಗಿದ್ದೀಯ. ಸಿಕ್ಕಿಹಾಕಿಕೊಂಡಿದ್ದೀಯ. ಸುತ್ತಿ ಬಳಸಿ ಹೊರಗೆ ಬಂದ ದಾರಿಯನ್ನು ಬಾಣ ಹಾಕಿ ಬರೆದಿದ್ದೀಯ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಇಲ್ಲಿಗೆ ಕೀರ್ತು ಜೊತೆ ಹೋಗೋದು, ಅಲ್ಲಿವರೆಗೂ ಹೇಳಲ್ಲ."

ಇವತ್ತು ಕ್ಲಾಸ್ ಮುಗಿದ ಮೇಲೆ ಹರಿ ಅಣ್ಣನ ಹತ್ತಿರ ಹೋದೆ.

"ಅವಳ ಹೆಸ್ರಲ್ಲಿ ಓಡ್ಸಿದ್ದು ನೀನಾ?" ಎಂದ.

"ಹೂಂ ಅಣ್ಣ."

"ನಾನು ಅವತ್ತು ಕೇಳ್ದಾಗ ಬಾಯಿ ಇರ್ಲಿಲ್ವಾ?"

ಅವನು ಬೈಯಲಿಲ್ಲ. "ಗ್ರೂಪಲ್ಲಿ ನಾನು ಹಾಕಲ್ಲ, ನೀನೇ ಹಾಕು. ಅವತ್ತು ಇನ್ನೊಂದು ಮಾತೂ ಹೇಳಿದ್ದೆಯಲ್ಲ, ಅದನ್ನ ಅವಳಿಗೆ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು" ಎಂದ. ಅಲ್ಲೇ ನಿಂತು ಕನ್ನಡದಲ್ಲೇ ಟೈಪ್ ಮಾಡಿ ಹಾಕಿದೆ. ನೀನು ಆ ಗ್ರೂಪಿನಲ್ಲಿ ಈಗ ಇಲ್ಲ, ಅದಕ್ಕೇ ಈ ಕಾಗದ. ನನ್ನ ಅಕೌಂಟ್ ಹೋಯಿತು. ನಿನ್ನದು ವಾಪಸ್ ಬಂದಿದೆ, ಹಡಗು ಇದ್ದಲ್ಲೇ ಇದೆ. ಹೊಸ ಪಾಸ್‌ವರ್ಡ್ ಇಟ್ಟುಕೋ. ನನಗೆ ಹೇಳಬೇಡ. ನನ್ನ ಪಟ್ಟಿಯನ್ನು ಅಳಿಸಿದ್ದೇನೆ. ಸುರುಳಿಯನ್ನು ಭಾನುವಾರ ನಾನೇ ತಂದುಕೊಡುತ್ತೇನೆ, ನೀನು ಬೇಡವೆಂದರೆ ಬಾಗಿಲಲ್ಲಿ ನಿಮ್ಮಪ್ಪನ ಕೈಗೆ ಕೊಟ್ಟು ಬರುತ್ತೇನೆ.

ನಿಮ್ಮ ಮಗ್ಗದ ಎಳೆ ಕಿತ್ತುಹೋಗದಿರಲಿ, ಅಪ್ಪನ ಕೈ ಬೇಗ ಸರಿಹೋಗಲಿ. ದಿನಕ್ಕೆ ಒಂದರ್ಧ ಗಂಟೆ ಕರೆಂಟೂ ಹೋಗಲಿ.

ಇನ್ನೂ ನಿನ್ನವಳೆನ್ನಬಹುದಾದರೆ,
ನಿನ್ನ ಕೀರ್ತನ

ಮತ್ತೆ: ಕವರು ಅಂಟಿಸಿದ್ದೆ, ಬಿಚ್ಚಿದ್ದೇನೆ. ಹರಿ ಅಣ್ಣ ನೆನಪಿಸಿದ ನನ್ನ ಆ ಇನ್ನೊಂದು ಮಾತು. "ನಿನ್ನ ಫ್ರೆಂಡ್ ಇಂಥದ್ದೆಲ್ಲ ಮಾಡೋಳಾ?" ಎಂದು ಅವತ್ತು ಅವನು ಕೇಳಿದಾಗ ಗೊತ್ತಿಲ್ಲ ಎನ್ನಬಹುದಿತ್ತು. ನಾನು ಅಂದದ್ದು ಇದು: "ಬೇಕೂಂತ ಮಾಡಿರಲ್ಲ ಅಣ್ಣ, ಪಾಪ. ಮಗ್ಗ ನೋಡ್ಕೊಂಡು ಮನೇಲಿರೋಳು. ಇಂಗ್ಲಿಷ್ ಅಷ್ಟು ಬರಲ್ಲ, ರೂಲ್ಸ್ ಅರ್ಥ ಆಗಿರಲ್ಲ." ಎಂಟನೇ ಕ್ಲಾಸಿನಲ್ಲಿ ವಾರ್ಡನ್ ಇಂಗ್ಲಿಷಿನಲ್ಲಿ ಕೇಳಿದಾಗಲೆಲ್ಲ ನಿನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದವಳು ಹೇಳಿದ ಮಾತು. ನಿನ್ನ ಸುರುಳಿಯ ಕೊನೆಯ ಹಾಳೆಯ ಹಿಂದೆ, ಅಪ್ಪನಿಗೆ ಅರ್ಥವಾಗಲೆಂದು ಆಟದ ರೂಲ್ಸನ್ನೆಲ್ಲ ನೀನು ಕನ್ನಡದಲ್ಲಿ ಬರೆದಿದ್ದೀಯ. ನಾಲ್ಕನೆಯದು ಹೀಗಿದೆ: "ಬಂದರನ್ನು ತಾನೇ ಹುಡುಕಬೇಕು. ಯಂತ್ರದ ಕೈಲಿ ಹುಡುಕಿಸಿದರೆ ಅದು ನಮಗೆ ಸಿಕ್ಕಿದಂತಲ್ಲ." ಆಟದ ಇಂಗ್ಲಿಷ್ ರೂಲ್ಸಿನಲ್ಲಿ ಮೊದಲನೇ ವಾಕ್ಯ ಮಾತ್ರ ಇದೆ ಯಶು, ತೆಗೆದು ನೋಡಿದೆ. ಎರಡನೆಯದು ನಿನ್ನದು.