ಆರರ ಬಸ್ಸು ಹೋದರೆ ಹೋಗಲಿ

ಗದಗ
ಫೆಬ್ರವರಿ ೩೦, ೨೨೪೭

ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಮೆಟ್ಟಿ ನಾಟಕಕ್ಕೆ ಹೋಗಲಿರುವ ಹಿರಿಯರಿಗೆ, ಮಹಾನಂದಾ ಹೆಬ್ಬಳ್ಳಿಯ ನಮಸ್ಕಾರಗಳು.

ತಾರೀಖು ತಪ್ಪಲ್ಲ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಅದರ ಕತೆ ಹೇಳಹೊರಟರೆ ಹಾಳೆ ಮುಗಿಯುತ್ತದೆ, ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಒಬ್ಬರಿಗೆ ಒಂದೇ ಪತ್ರ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಹೆಸರು ಗೊತ್ತಿಲ್ಲದ್ದರಿಂದ ಚಪ್ಪಲಿ ಹಿಡಿದು ಕರೆದೆ. ಯಾಕೆಂದು ಮುಂದೆ ತಿಳಿಯುತ್ತದೆ.

ನಿಮ್ಮ ಕಾಲದ ಒಂದು ಕಂಪನಿ ನಾಟಕ ನಮ್ಮಲ್ಲಿ ಇನ್ನೂ ನಡೆಯುತ್ತದೆ, ‘ನೀಲಾಂಬೆಯ ತೀರ್ಪು’. ರಾಣಿ ನೀಲಾಂಬೆಯ ಒಬ್ಬನೇ ಮಗ ಬಡ ನೇಕಾರನೊಬ್ಬನನ್ನು ಕೊಂದಿದ್ದಾನೆ. ಕೊನೆಯ ಅಂಕದಲ್ಲಿ ತಾಯಿಯೇ ತೀರ್ಪು ಕೊಡಬೇಕು. ಪುಸ್ತಕ ಉಳಿದಿಲ್ಲ, ಬರೆದವರ ಹೆಸರೂ ಉಳಿದಿಲ್ಲ. ಉಳಿದದ್ದು, ಒಂದು ಮಧ್ಯಾಹ್ನದ ಆಟದಲ್ಲಿ ನೀವು ಮೊಬೈಲಿನಲ್ಲಿ ಹಿಡಿದ ಎರಡು ಗಂಟೆ ಹತ್ತು ನಿಮಿಷದ ಚಿತ್ರ. ಅದನ್ನು ನಾವು ‘ತುಣುಕು’ ಎನ್ನುತ್ತೇವೆ. ಆ ಮಾತು ಕಿವಿಗೆ ಬಿದ್ದರೆ ಶಾಲೆಯ ಮಕ್ಕಳು ಎದ್ದು ನಿಲ್ಲುತ್ತಾರೆ.

ತುಣುಕನ್ನು ಉಸಿರುಸಿರು ಬಾಯಿಪಾಠ ಮಾಡಿದ ಅಭಿಮಾನಿಗಳಿಗೆ ಅಚ್ಚಾಳುಗಳು ಎಂದು ಹೆಸರು. ವರ್ಷಕ್ಕೊಮ್ಮೆ ಗದಗಿನಲ್ಲಿ ಅವರ ಮೇಳ. ಹನ್ನೆರಡು ಸಾವಿರ ಜನ, ವೇಷವಿಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ರಾಣಿಯ ಕಿರೀಟದಲ್ಲಿ ಕನ್ನಡಿಚೂರು ಎಷ್ಟು, ಮಂತ್ರಿಯ ಮೀಸೆ ಯಾವ ಮಾತಿಗೆ ಕಳಚಿತು ಎಂದು ಅಲ್ಲಿ ಸ್ಪರ್ಧೆ ನಡೆಯುತ್ತದೆ. ರಾಜವೇಷಗಳಾದರೂ ನಿಮಗೆ ಅರ್ಥವಾದಾವು. ಆದರೆ ತುಣುಕಿನ ಎಡಮೂಲೆಯಲ್ಲಿ ಕಾಣುವ ಚೌಕಳಿ ಅಂಗಿಯ ಪ್ರೇಕ್ಷಕನ ವೇಷ ಹಾಕುವವರೇ ಎರಡು ಸಾವಿರ. ಎರಡನೇ ಅಂಕದಲ್ಲಿ ಯಾರೋ ಕೆಮ್ಮಿದ್ದಾರೆ; ಆ ಕೆಮ್ಮು ಈಗ ಒಂದು ಮನೆತನದ ಹಕ್ಕು. ಮಂತ್ರಿಯ ಮಾತಿನ ನಡುವೆ ಹಿಂದಿನ ಸಾಲಿನವರೊಬ್ಬರು, “ಏ ಚೌಕಳಿ ಅಂಗೀ, ಕುಂದರಪಾ! ನೀ ಏನ್ ಗಾಜಿನ ಮನಷ್ಯಾ ಏನ?” ಎಂದು ಕೂಗಿದ್ದಾರೆ. ಹನ್ನೆರಡು ಸಾವಿರ ಕಂಠ ಅದನ್ನು ಒಂದೇ ಶ್ರುತಿಯಲ್ಲಿ ಹೇಳುತ್ತವೆ. ಒಮ್ಮೆ ಊಟದ ಪಾಳಿಯಲ್ಲಿ ಆ ಕೆಮ್ಮಿನ ಮನೆತನದ ಇಬ್ಬರು ಮುದುಕರು ಕೊರಳಪಟ್ಟಿ ಹಿಡಿದುಕೊಂಡರು. “ನಿನ್ನ ಕೆಮ್ಮು ಅರ್ಧ ಉಸಿರು ತಡಾ ಆತಲೇ!” “ನಿಮ್ಮಪ್ಪ ಕೆಮ್ಮಿದ್ದು ಕೇಳೀಯೇನ? ಕ್ವಾಣ ಒದರಿದಂಗ!” ಆಗ ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ತುಣುಕಿನ ಕೊನೆ ಹೀಗಿದೆ. ನೀಲಾಂಬೆ ಸಿಂಹಾಸನದಿಂದ ಇಳಿದು, ಕಟ್ಟಿಹಾಕಿದ ಮಗನ ಎದುರು ನಿಂತು “ಮಗನೇ” ಎನ್ನುತ್ತಾಳೆ. ಅಷ್ಟರಲ್ಲಿ ಮೊಬೈಲಿನ ಹತ್ತಿರವೇ ಒಂದು ದನಿ: “ಏಳ ಏಳ, ಆರರ ಬಸ್ ಹೊಂಟೀತು!” ಕುರ್ಚಿಗಳು ಕರಕರ ಎನ್ನುತ್ತವೆ, ಚಿತ್ರ ಅಲ್ಲಾಡುತ್ತದೆ, ನಿಮ್ಮ ಚಪ್ಪಲಿ ಕಾಣುತ್ತದೆ. ಅಲ್ಲಿಗೆ ಮುಗಿಯಿತು. ನಮ್ಮ ನಾಟಕವೂ ಅಲ್ಲಿಗೇ ಮುಗಿಯುತ್ತದೆ. “ಮಗನೇ” ಎಂದ ಕೂಡಲೇ ಜನ ಒಟ್ಟಿಗೆ ಎದ್ದು, ಕುರ್ಚಿ ಎಳೆದು, ಬಸ್ಸಿನ ಮಾತು ಕೂಗಿ, ಕಣ್ಣೊರೆಸಿಕೊಳ್ಳುತ್ತ ಹೊರಡುತ್ತಾರೆ. ಬಸ್ಸು ಎಂದರೇನೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ.

ಮೂವತ್ತು ವರ್ಷ ಪತ್ರಿಕೆಗಳಿಗೆ ಬರೆದೆ. ಗಂಡನನ್ನು ಕಳೆದುಕೊಂಡ ನೇಕಾರಗಿತ್ತಿ ರಂಗದ ಮೇಲೆ ಕೈಜೋಡಿಸಿ ನಿಂತಿರುವಾಗ ನೀವೆಲ್ಲ ಮನೆಗೆ ಹೇಗೆ ಹೋಗುತ್ತೀರಿ ಎಂದು ಕೇಳಿದೆ. ತುಣುಕಿನಲ್ಲಿ ಇಲ್ಲದ್ದು ನಾಟಕದಲ್ಲಿಲ್ಲ ಎಂಬ ಒಂದೇ ಉತ್ತರ ಬಂತು. ಇಷ್ಟು ಪ್ರೀತಿಸುವ ಜನ ಇಷ್ಟು ಕಿವುಡರಾಗುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನನ್ನ ತಂಗಿ ಕಸ್ತೂರಿ ಇಪ್ಪತ್ತೆಂಟು ವರ್ಷ ನೀಲಾಂಬೆಯ ಪಾತ್ರ ಮಾಡಿದಳು. ಹೋದ ವರ್ಷ ಅವಳ ಗಂಟಲಿಗೆ ಗಡ್ಡೆಯಾಯಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ವೈದ್ಯರು. ಅದಕ್ಕೆ ಒಂದು ವಾರ ಮುಂಚೆ ಮೇಳವಿತ್ತು.

“ಅಕ್ಕಾ, ಇಷ್ಟು ವರ್ಷ ಆ ಹುಡುಗನ ಮುಂದ ಬಾಯಿ ತಕ್ಕೊಂಡು ನಿಂತೀನಿ. ಈ ಸಲ ತೀರ್ಪು ಹೇಳತೀನಿ. ನಾನ ಬರದೀನಿ, ನಾಕು ಸಾಲು,” ಎಂದಳು.

ನನಗಾದರೂ ಹೇಳು ಎಂದೆ.

“ಮೊದಲನೇ ಸಾಲಿನ್ಯಾಗ ಕುಂದರು, ಅಲ್ಲೇ ಕೇಳುವಂತಿ. ಮನ್ಯಾಗ ಹೇಳಿದ್ರ ಅದು ತೀರ್ಪಲ್ಲವಾ, ಹರಟಿ.”

ಕೂತೆ. ಅವಳು ಇಳಿದು ಬಂದು “ಮಗನೇ” ಎಂದಳು. ಎಂದಿನಂತೆ ನಿಲ್ಲಿಸದೆ ಉಸಿರೆಳೆದುಕೊಂಡದ್ದನ್ನು ಕಂಡೆ. ಹನ್ನೆರಡು ಸಾವಿರ ಕುರ್ಚಿ ಕರಕರ ಎಂದವು. ಮಗನ ಪಾತ್ರದವನು ರೂಢಿಯಂತೆ ತಾನೇ ಹಗ್ಗ ಬಿಚ್ಚಿಕೊಂಡು ಒಳಗೆ ನಡೆದ. ಖಾಲಿ ಹಗ್ಗದ ಮುಂದೆ ಕಸ್ತೂರಿಯ ತುಟಿಗಳು ಬಹಳ ಹೊತ್ತು ಆಡಿದವು. ನಾನು ಹತ್ತು ಅಡಿ ದೂರದಲ್ಲಿದ್ದೆ. ನನಗೂ ಕೇಳಲಿಲ್ಲ. ಯಾಕೆಂದರೆ ನಾನೂ ಎದ್ದಿದ್ದೆ. ಕೈ ಕುರ್ಚಿಯ ಬೆನ್ನ ಮೇಲಿತ್ತು, ಬಾಯಲ್ಲಿ ಬಸ್ಸಿನ ಮಾತಿತ್ತು. ಆರು ವರ್ಷದವಳಿದ್ದಾಗಿನಿಂದ ಮಾಡಿದ್ದನ್ನು ನನ್ನ ಮೈ ನನ್ನನ್ನು ಕೇಳದೆ ಮಾಡಿ ಮುಗಿಸಿತ್ತು.

ಬಣ್ಣದ ಕೋಣೆಗೆ ಓಡಿದೆ. ಅವಳು ಎಣ್ಣೆಬಟ್ಟೆಯಿಂದ ಹಣೆ ಒರೆಸಿಕೊಳ್ಳುತ್ತಿದ್ದಳು. ಅಲ್ಲಿ ಏನು ಹೇಳಿದೆ, ನನಗೆ ಹೇಳೇ ಎಂದು ಅವಳ ಕೈ ಹಿಡಿದೆ. ಕನ್ನಡಿಯಲ್ಲೇ ನನ್ನನ್ನು ನೋಡಿ, “ನೀನೂ ಎದ್ದೆಲ್ಲಕ್ಕಾ,” ಎಂದಳು.

ಚಿಕಿತ್ಸೆಯ ನಂತರ ಅವಳ ಮುಂದೆ ಹಾಳೆ, ಪೆನ್ನು ಇಟ್ಟೆ. ಸಾರಿಗೆ ಉಪ್ಪು ಕಡಿಮೆ ಎಂದು ಬರೆದಳು, ಕಿಟಕಿ ಮುಚ್ಚು ಎಂದು ಬರೆದಳು. ಆ ನಾಲ್ಕು ಸಾಲು ಬರೆಯಲಿಲ್ಲ. ದೀಪಾವಳಿಗೆ ಎರಡು ದಿನ ಮೊದಲು ಹೋದಳು.

ಹಿರಿಯರೇ, ಆ ಮಧ್ಯಾಹ್ನ ನಿಮ್ಮ ಪಕ್ಕದವರು ಏಳು ಎಂದಾಗ ಏಳಬೇಡಿ. ಬಸ್ಸು ಹೋದರೆ ಹೋಗಲಿ, ನಡೆದು ಹೋಗಿ, ಮನೆಯವರು ಬೈದರೆ ಬೈಸಿಕೊಳ್ಳಿ. ಇನ್ನು ನಾಲ್ಕು ಮಾತು ಕೇಳಿ, ಮಂಗಳ ಹಾಡಿದ ಮೇಲೆ ಏಳಿ. ಕಸ್ತೂರಿ ಹೇಳಿದ್ದನ್ನು ನಾನು ಕೇಳದೆ ಹೋದೆ. ನೀಲಾಂಬೆ ಹೇಳಿದ್ದನ್ನಾದರೂ ನೀವು ಕೇಳಿ.

ಕೇಳುತ್ತೀರೆಂಬ ಭರವಸೆ ನನಗಿಲ್ಲ. ನಿಮ್ಮ ಕಾಲ ನಮಗೆ ಎಂದೋ ಆಗಿಹೋದದ್ದು. ನೀವು ಕೂತಿದ್ದರೆ ತುಣುಕು ಉದ್ದವಾಗಿರಬೇಕಿತ್ತು. ಈ ಪತ್ರ ಮಡಿಸುವ ಮೊದಲು ತುಣುಕನ್ನು ಇನ್ನೊಮ್ಮೆ ಕೊನೆಯವರೆಗೆ ಹಾಕಿ ನೋಡಿದೆ.

ಅದೇ ಚಪ್ಪಲಿ.