ಸಿಟ್ಟಿಗೆ ಕಚ್ಚುವ ವಿರಾಲು

ತೇವಾರಂ,
ಕಾರ್ತಿಕೈ ತಿಂಗಳು, ೧೮೯೪ನೇ ಇಸವಿ

ಪ್ರೀತಿಯ ತಮ್ಮ ರಾಮರ್‌ಗೆ ಅಕ್ಕನ ಆಶೀರ್ವಾದ.

ಮೈ ಹೇಗಿದೆ? ಕಡಲಾಚೆಯ ಕಂಡಿ ಬೆಟ್ಟದ ಚಳಿಗೆ ಕೆಮ್ಮು ಹತ್ತಿದೆ ಎಂದು ನೀನು ಬರೆದಿದ್ದೆ. ಮೆಣಸು, ಬೆಲ್ಲ ಕುದಿಸಿ ಕುಡಿ. ನಿಮ್ಮ ತೋಟದ ತೇಯಿಲೆ ಚಹಾಕ್ಕೆ ಕೆಮ್ಮು ಹೋಗುತ್ತದೆ ಎಂದು ನಂಬಬೇಡ. ಅಮ್ಮ ಚೆನ್ನಾಗಿದ್ದಾಳೆ. ಕಣ್ಣು ಮಂಜಾದರೂ ನಾಲಿಗೆ ಮೊಂಡಾಗಿಲ್ಲ. ನಾನು ಕೆರೆಗೆ ಹೋಗುವಾಗಲೆಲ್ಲ ಬೈದಳು, ಮೀನು ತಂದಾಗಲೆಲ್ಲ ತಿಂದಳು.

ನಮ್ಮ ಮಾವನ ಮಗ ಪೆರಿಯಣ್ಣನ್ ವಿಷಯ ಬರೆಯಬೇಕು. ಊರು ನಿನಗೆ ಕೆರೆ ಕಾವಲು ಕೊಟ್ಟದ್ದು ಅವನಿಗೆ ಸಹಿಸಲಿಲ್ಲ ಎಂದು ನಿನಗೂ ಗೊತ್ತು. ಕೆರೆಗೆ ಕಳ್ಳಿ ಹಾಲು ಸುರಿದು ಮೀನೆಲ್ಲ ಕೊಂದವನು ಅವನೇ, ಆ ಹಾಲಿನ ಗಡಿಗೆಯನ್ನು ನಮ್ಮ ಕೊಟ್ಟಿಗೆಯಲ್ಲಿ ಇಟ್ಟವನೂ ಅವನೇ ಎಂದು ನಾನು ಅಂದೇ ಹೇಳಿದೆ. ಯಾರು ಕೇಳಿದರು? ತಪ್ಪು ನಿನ್ನದೆಂದು ನಿನ್ನ ಅರ್ಧ ತಲೆ ಬೋಳಿಸಿ, ಕೆರೆ ಏರಿಯ ಮೇಲೆ ಓಡಿಸಿ ಊರು ಬಿಡಿಸುವಾಗ ಅವನು ಆಲದ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಆ ಬಾಯಿಂದಲೇ ನಿಜ ಕಕ್ಕಿಸುತ್ತೇನೆ ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ನಿನ್ನ ಜಾಗಕ್ಕೆ ಅವನೇ ಕಾವಲಿಗೆ ಬಂದ. ವಿರಾಲು ಮೀನು ಹಿಡಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. ಆ ಜಂಬಕ್ಕೇ ಕೈ ಹಾಕಿದೆ. ಅಟ್ಟದಿಂದ ನಿನ್ನ ಗಾಳದ ಬಿದಿರು ಕೋಲು ಇಳಿಸಿ ಹಾಡಹಗಲಲ್ಲಿ ಏರಿಯ ಮೇಲೆ ಕೂತೆ. ಪಕ್ಕದ ಮನೆಯ ಮೂಕಮ್ಮಾಳ್, “ಹೆಂಗ್ಸು ತೂಂಡಿಲ್ ಹಿಡುದ್ರೆ ಊರ್ಗೆ ಮಳೆ ಬರಾದಿಲ್ಲ” ಎಂದಳು. ಮಾರನೆಯ ದಿನವೇ ಮಳೆ ಹೊಯ್ಯಿತು.

ಮೊದಮೊದಲು ಸೋತೆ. ಎರೆಹುಳ ಸಿಕ್ಕಿಸಿದರೆ ಬೆರಳುದ್ದದ ಕೆಳುತ್ತಿ ಮೀನು ಬಿಟ್ಟು ಬೇರೇನೂ ಬರಲಿಲ್ಲ. ದೊಡ್ಡ ಕಪ್ಪೆ ಕಟ್ಟಿದರೆ ವಿರಾಲು ಅದರ ಕಾಲು ಮಾತ್ರ ಕಿತ್ತುಕೊಂಡು ಹೋಯಿತು. ಆಮೇಲೆ ಹೆಬ್ಬೆರಳಷ್ಟು ಹಸಿರು ಕಪ್ಪೆಯ ಬೆನ್ನ ತೊಗಲಿಗಷ್ಟೇ ಗಾಳ ಚುಚ್ಚಿ, ತಾವರೆ ಎಲೆಗಳ ಸಂದಿನಲ್ಲಿ ಅದು ಒದ್ದಾಡುವಂತೆ ಬಿಟ್ಟೆ. ನೀರು ಸಿಡಿಯಿತು. “ಅಕ್ಕಾ, ಕಚ್ದ ಕೂಡ್ಲೇ ಎಳೀಬ್ಯಾಡ, ಅದು ನುಂಗಿ ತಿರುಗ್ಲಿ” ಎಂದು ನೀನು ಹೇಳುತ್ತಿದ್ದದ್ದು ನೆನಪಾಗಿ, ಉಸಿರು ಬಿಗಿ ಹಿಡಿದು ಕಾದು, ಆಮೇಲೆ ಜಗ್ಗಿದೆ. ಮೀನು ಒಂದು ಮೊಳ ಉದ್ದವಿತ್ತು. ನೇರ ಊರ ಯಜಮಾನರಾದ ನಾಟ್ಟಾಮೈಕಾರರ ಮನೆಗೆ ಒಯ್ದು ಕೊಟ್ಟೆ. ಆ ಸಂಜೆ ಪೆರಿಯಣ್ಣನ್ ತಂದ ಮೀನನ್ನು ಅವರ ಹೆಂಡತಿ ದೈವಾನೈ ನೋಡಿ ನಕ್ಕು ವಾಪಸು ಕಳಿಸಿದಳು.

ಐಪ್ಪಸಿ ತಿಂಗಳ ಮಳೆಗೆ ಕೆರೆ ಕದಡಿತು. ಕಪ್ಪೆ ಮೀನಿನ ಕಣ್ಣಿಗೆ ಬೀಳದಾಯಿತು. ಆಗ ಬೆಂಡಿನ ತುಂಡಿಗೆ ನನ್ನ ಕೆಂಪು ಸೀರೆಯ ಅಂಚು ಸುತ್ತಿ, ಗಾಳ ಮರೆಮಾಡಿ, ಮರಿಗಳ ಹಿಂಡಿನ ಮೇಲೇ ಎಳೆದೆ. ಮರಿ ಕಾಯುವ ವಿರಾಲಿಗೆ ಹಸಿವಿರುವುದಿಲ್ಲ, ಸಿಟ್ಟಿಗೇ ಕಚ್ಚುತ್ತದೆ. ಅಂಥದನ್ನು ಹಿಡಿಯಬಾರದು ಎಂಬುದು ನಿನ್ನ ನೇಮ. ನಾನು ಹಿಡಿದೆ, ಜೋಡಿ ಎರಡನ್ನೂ. ತಾಯಿಯಿಲ್ಲದ ಆ ಮರಿಗಳು ನೀರಿನ ಮೇಲೆ ಚದುರಿ ಹೋದದ್ದು ಕಣ್ಣಿಂದ ಹೋಗಿಲ್ಲ. ಪಾಪ ಬಂದರೆ ನನಗೇ ಬರಲಿ.

ಹಾಗೆ ಹಿಡಿದ ಜೋಡಿ ಮೀನನ್ನು ಕೋಲಿಗೆ ತೂಗುಹಾಕಿಕೊಂಡು, ಊರ ಹಿರಿಯರು ಕೂರುವ ಆಲದ ಕಟ್ಟೆಯ ಮುಂದೆ ನಡೆದೆ. ಪೆರಿಯಣ್ಣನ್ ಅಲ್ಲೇ ಇದ್ದ. “ಕಾವಲ್ಕಾರರೇ, ನಿಮ್ಗೂ ಕಲ್ಸಿ ಕೊಡ್ಲಾ?” ಎಂದೆ. ಕಟ್ಟೆಯೆಲ್ಲ ನಕ್ಕಿತು. ಅವನು ಎದ್ದು ಬಂದು ನನ್ನ ಕೋಲು ಕಿತ್ತು ಮುರಿದ. “ಕಳ್ಳಿ ಹಾಲು ಊತ್ತಿ ನಿನ್ ತಂಬೀನೇ ಓಡ್ಸ್ದೋನು ನಾನು. ನಿನ್ನ ಓಡ್ಸಕ್ಕೆ ಎಷ್ಟೊತ್ತು?” ಎಂದ.

ನಗು ನಿಂತಿತು. ನಾಟ್ಟಾಮೈಕಾರರು ಮೆಲ್ಲಗೆ, “ಏನ್ ಸೊಲ್ದೆ? ಇನ್ನೊಂದ್ ಕಿತ ಸೊಲ್ಲು” ಎಂದರು. ಅವನು ಮುರಿದ ಕೋಲು ಬಿಸಾಡಿ ಮನೆ ಕಡೆ ಹೊರಟ.

ನಿನ್ನ ಮೇಲಿನ ಅಪವಾದ ತೆಗೆದರು, ಕಿತ್ತುಕೊಂಡಿದ್ದ ನಿನ್ನ ಹೊಲ ವಾಪಸು ಕೊಟ್ಟರು. ಅವನನ್ನು ಊರು ಬಿಡಿಸಿದರು. ಆದರೆ ತಲೆ ಬೋಳಿಸಲಿಲ್ಲ, ಏರಿಯ ಮೇಲೆ ಓಡಿಸಲಿಲ್ಲ. ‘ವಯಸ್ಸಾಯಿತು, ಬಿಡಿ’ ಎಂದರಂತೆ. ಅಮ್ಮ ಸಾಕು ಎನ್ನುತ್ತಾಳೆ. ನನ್ನ ಹೊಟ್ಟೆ ಮಾತ್ರ ತಣ್ಣಗಾಗಲಿಲ್ಲ.

ಅಮ್ಮನ ಆಶೀರ್ವಾದ, ಮೂಕಮ್ಮಾಳ್ ವಿಚಾರಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಮಳೆಯಲ್ಲಿ ನೆನೆಯಬೇಡ.

ನಿನ್ನ ಅಕ್ಕ,
ರಂಗಮ್ಮಾಳ್

ಮರೆತೆ: ಪೆರಿಯಣ್ಣನ್ ಹೊಟ್ಟೆಪಾಡಿಗೆ ಕಂಡಿಗೇ ಹೊರಟಿದ್ದಾನೆ. ಆಳು ಕರೆದೊಯ್ಯುವ ಕಂಗಾಣಿ ನಮ್ಮ ಬಾಗಿಲಿಗೆ ನೀರು ಕೇಳಲು ಬಂದಾಗ, ಅವನಿಗೆ ಯಾವ ತೋಟ ಒಳ್ಳೆಯದು ಎಂದು ನಾನೇ ಹೇಳಿ ಕಳಿಸಿದೆ. ನಿನ್ನ ತೋಟದ ಹೆಸರನ್ನೇ ಹೇಳಿದೆ. ನೀನು ಅಲ್ಲಿ ಆಳುಗಳ ಮೇಲೆ ಮೇಸ್ತ್ರಿಯಾಗಿರುವುದು ಪೆರಿಯಣ್ಣನ್‌ಗೆ ಗೊತ್ತಿಲ್ಲ. ಈ ಕಾಗದ ಅವನಿಗಿಂತ ಮುಂಚೆ ನಿನ್ನ ಕೈ ಸೇರಲಿ.