ಮೊದಲು ಎಣ್ಣೆ

ಬ್ಯಾಡಗಿ
೯ ಮಾರ್ಚ್ ೨೦೨೫

ಜ್ಯೋತಿ,

ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ದನಿ ಏರಿಸುತ್ತೇವೆ. ಅದಕ್ಕೇ ಕಾಗದ. ಇಲ್ಲಿ ನನ್ನ ಮಾತನ್ನು ನಾನೇ ಹೊಡೆದುಹಾಕಿ ಮತ್ತೆ ಬರೆಯಬಹುದು.

ಮುಂದಿನ ವಾರ ಹಾವೇರಿಯಿಂದ ಬಂದು ಮೇಘಾಳನ್ನು ರಾಣೆಬೆನ್ನೂರಿನ ವಸತಿ ಶಾಲೆಗೆ ಸೇರಿಸುವುದಾಗಿ ಮೆಸೇಜು ಹಾಕಿದ್ದೀಯ. ನಮ್ಮ ಆರು ವರ್ಷದ ಮಗಳು ತರಗತಿಯಲ್ಲಿ ಪಕ್ಕದ ಹುಡುಗಿಯ ಕೈ ಕಚ್ಚಿದ್ದು ನಿಜ. ಅಲ್ಲಿ ಶಿಸ್ತು ಕಲಿಯುತ್ತಾಳೆ ಎನ್ನುತ್ತೀಯ. ನಾನು ಕಳಿಸುವುದಿಲ್ಲ. ಯಾಕೆಂದು ಹೇಳಲು ನನ್ನ ಬಳಿ ಇರುವುದು ಒಂದು ಎಣ್ಣೆ ಬಟ್ಟಲು ಮಾತ್ರ.

ಹೋದ ತಿಂಗಳು ಅವ್ವ ವರ್ಷದ ಖಾರದ ಪುಡಿಗೆಂದು ಮೆಣಸಿನಕಾಯಿ ಹರವಿಕೊಂಡು ಕೂತಿದ್ದಳು. ನಾನೂ ಮೇಘಾಳೂ ತೊಟ್ಟು ಮುರಿಯುತ್ತಿದ್ದೆವು. ಈ ಮನೆಯ ಪದ್ಧತಿ ನಿನಗೆ ಗೊತ್ತು: ಕೆಲಸ ಮುಗಿದ ಮೇಲೆ ಖಾರ ಬಿಡಲು ಮೊದಲು ಅಂಗೈಗೆ ಎಣ್ಣೆ, ಆಮೇಲೆ ಸಾಬೂನು, ಕಡೆಗೆ ನೀರು. ಅಲ್ಲಿಯ ತನಕ ಕಣ್ಣು ಮುಟ್ಟುವಂತಿಲ್ಲ. ಮೇಘಾ ಮೊಬೈಲ್ ಕೇಳಿದಳು. ಇಲ್ಲವೆಂದೆ. ಚೀರಿ, ಬುಟ್ಟಿ ಒದ್ದು, ಅಳುತ್ತಾ ಕೈಯನ್ನು ಕಣ್ಣಿಗೆ ಒಯ್ದಳು. ನಾನು ಅವಳ ಮಣಿಕಟ್ಟು ಹಿಡಿದು ಕೂಗಾಡಿದೆ. ಅವಳು ಕೊಸರಿದಳು.

ಅವ್ವ ನನ್ನನ್ನೇ ಗದರಿದಳು: "ನೀನೂ ಒದರಾಕತ್ತಿ, ಆಕಿನೂ ಒದರಾಕತ್ತಾಳ. ಸಮಾಧಾನ ಮಾಡಾವ್ರು ಯಾರಲೇ?" ಬಟ್ಟಲು ಮುಂದಿಟ್ಟು ಮೇಘಾಳಿಗೆ, "ಬಾ ನನ್ನವ್ವಾ, ಮೊದಲ ಎಣ್ಣಿ. ಸಿಟ್ಟು ಆಮ್ಯಾಲ ಮಾಡೂಣಂತ" ಎಂದಳು. ಬಿಕ್ಕುತ್ತಲೇ ಅವಳು, "ಆಮ್ಯಾಲ ಖರೇ ಮಾಡ್ಲಾ?" ಎಂದು ಕೇಳಿದಳು. "ಮಾಡು, ನಾನೂ ನಿನ್ನ ಸಂಗಾಟ ಒದರ್ತೇನಿ" ಎಂದಳು ಅವ್ವ.

ಒಂದೊಂದೇ ಬೆರಳಿಗೆ ನಿಧಾನವಾಗಿ ಎಣ್ಣೆ ಸವರಿದಳು. ಕಿರುಬೆರಳು ಬರುವಷ್ಟರಲ್ಲಿ ಮೇಘಾಳಿಗೆ ಚೀರಾಟದ ನೆನಪೇ ಇರಲಿಲ್ಲ. "ಈ ಕೂಸು ನಮ್ಮೂರ ಕಾಯಿ ಇದ್ದಂಗ ನೋಡು, ಬಣ್ಣ ಭಾಳ, ಖಾರ ಕಡಿಮಿ" ಎಂದು ಅವ್ವ ನಕ್ಕಳು.

ಈಗ ಮೆಣಸಿನಕಾಯಿ ಇಲ್ಲದಿದ್ದರೂ ಬಟ್ಟಲು ಪಡಸಾಲೆಯಲ್ಲೇ ಇದೆ. ಮೇಘಾಳಿಗೆ ಸಿಟ್ಟು ಬಂದಾಗ ನಾನು ಅದರ ಪಕ್ಕ ಹೋಗಿ ಕೂರುತ್ತೇನೆ, ಕರೆಯುವುದಿಲ್ಲ. ಒಮ್ಮೊಮ್ಮೆ ಬಂದು ಕೈ ಚಾಚುತ್ತಾಳೆ. ಮೊನ್ನೆ ಬಟ್ಟಲನ್ನೇ ಎತ್ತಿ ಒಗೆದಳು. ನೆಲ ಒರೆಸಿ ಮತ್ತೆ ಎಣ್ಣೆ ತುಂಬಿಸಿದೆವು. ಶಾಲೆಯಲ್ಲಿ ಮಾತ್ರ ಇನ್ನೂ ಏನೂ ಬದಲಾಗಿಲ್ಲ. ನಿನ್ನಿಂದ ಮುಚ್ಚಿಡುವುದಿಲ್ಲ.

ಸಿಟ್ಟನ್ನು ಹಿಡಿಯುವುದು ಮಗು ಒಬ್ಬಳೇ ಕಲಿಯುವ ಪಾಠವಲ್ಲ ಎಂದು ನನಗೆ ಅನಿಸುತ್ತಿದೆ. ಮೊದಲು ಯಾರದೋ ಕೈ ಅವಳ ಕೈ ಮೇಲೆ ಇರಬೇಕು, ಆ ಕೈ ನಡುಗದೆ ಇರಬೇಕು. ವಸತಿ ಶಾಲೆಯ ಸಾಲಿನಲ್ಲಿ ಆ ಕೈ ಯಾರದು? ಅವಳು ಸುಮ್ಮನಾಗಬಹುದು. ಸುಮ್ಮನಾಗುವುದು ಬೇರೆ, ಸಮಾಧಾನವಾಗುವುದು ಬೇರೆ.

ನೀನು ಬಾ. ಅವಳ ಬಟ್ಟೆ ಕಟ್ಟಿಕೊಂಡು ಹೋಗಲಿಕ್ಕಲ್ಲ. ಭಾನುವಾರಗಳಲ್ಲಿ ಅವಳು ಹಾವೇರಿಯ ನಿನ್ನ ಕೋಣೆಗೆ ಬಂದಾಗ ಅಲ್ಲೂ ಒಂದು ಬಟ್ಟಲು ಇರಲಿ. ನಮ್ಮಿಬ್ಬರ ನಡುವಿನದು ಏನಾದರೂ ಆಗಲಿ, ಇದೊಂದು ಎರಡೂ ಮನೆಯಲ್ಲಿ ಒಂದೇ ಥರ ನಡೆಯಬೇಕು.

ಈ ಮಾತಿನಿಂದ ಹಿಂದೆ ಸರಿಯದ,
ಮನೋಹರ

ಮರೆತದ್ದು: ನಿನ್ನ ಮೆಸೇಜು ಬಂದಾಗ ಊಟಕ್ಕೆ ಕೂತಿದ್ದೆ. ಓದಿ, ತಾಟು ಎತ್ತಿದ್ದೆ, ಗೋಡೆಗೆ ಒಗೆಯಲು. ಮೇಘಾ ಎದ್ದುಹೋಗಿ ಬಟ್ಟಲು ತಂದು ನನ್ನ ಮುಂದಿಟ್ಟಳು. "ಅಪ್ಪಾ, ಕೈ ಕೊಡು" ಎಂದಳು. ತಾಟು ಕೆಳಗಿಟ್ಟೆ. ಎಣ್ಣೆ ಸವರುವಾಗ ಅವಳು ನನ್ನ ಕಿರುಬೆರಳನ್ನೂ ಬಿಡಲಿಲ್ಲ.